ಅಪ್ಪನ ಎಡೆಯ ಬೀಡಿ

ಬೀಡಿ ಬಿಟ್ಟೆನೆಂದು ಊರಿಗೆಲ್ಲ ಡಂಗುರ ಸಾರಿದವನು ನಾನು. ಹೊಸಪೇಟೆಯ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದ ಲಾರಿ ಡ್ರೈವರುಗಳಿಗೆ ಉಪದೇಶ ಮಾಡಿ ಮಾಡಿ ಅರ್ಧ ಗಿರಾಕಿಗಳನ್ನು ಓಡಿಸಿದ್ದೆ. ಬಿಡಿಸಿದ ಡಾಕ್ಟರು ಮಾತ್ರ ಎಚ್ಚರಿಸಿದ್ದರು. "ಈ ಚಟ ಕೆಲವ್ರಿಗೆ ಜಲ್ದಿ ಅಂಟ್ಕೊತೈತ್ರಿ, ಬಿಡೋದೂ ಕಷ್ಟ. ಅದರಾಗ ವಂಶದ್ದೂ ಪಾಲು ಐತಿ. ಒಂದು ದಮ್ಮು ಎಳೆದ್ರೂ ಮತ್ತ ಶುರು ಆದೀತು. ನಿಮ್ಮ ಮನ್ಯಾಗ ಯಾರ್ಯಾರು ಸೇದ್ತಿದ್ರು?"

ಅಪ್ಪ, ಅಜ್ಜ, ಮುತ್ತಜ್ಜ ಎಂದು ಹೆಮ್ಮೆಯಿಂದಲೇ ಒಪ್ಪಿಸಿದೆ. ತಾಯಿಯ ಕಡೆ? ಛೇ, ಯಾರೂ ಇಲ್ಲ. ನಾವು ಹುಟ್ಟಿದಾಗಿನಿಂದ ಅವ್ವ ಹೇಳಿಕೊಂಡು ಬಂದದ್ದೇ ಅದು: ನಮ್ಮ ಕಂಪ್ಲಿ ಮನ್ಯಾಗ ಬೀಡಿ ಮುಟ್ಟಿದೋರಿಲ್ಲ, ಇದೆಲ್ಲಾ ನಿಮ್ಮಪ್ಪನ ರಕ್ತ.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಎಡೆಗೆ ಹೋಳಿಗೆ, ಪಾಯಸದ ಜೊತೆ ಅವರು ಇಷ್ಟಪಡುತ್ತಿದ್ದದ್ದನ್ನೂ ಇಡುವುದು ನಮ್ಮಲ್ಲಿ ಪದ್ಧತಿ. ಅಪ್ಪನಿಗೆ ಬೀಡಿ. ಅದನ್ನು ಹಚ್ಚಿಯೇ ಇಡಬೇಕು. ಬೀಡಿ ಊದುಬತ್ತಿಯಲ್ಲ, ಬಾಯಲ್ಲಿಟ್ಟು ಎಳೆಯದೆ ಸರಿಯಾಗಿ ಹತ್ತುವುದಿಲ್ಲ. ಎಳೆಯುವವನು ಹಿರಿಮಗ. ಅಪ್ಪ ಅಜ್ಜನಿಗೆ ಹಾಗೆ ಹಚ್ಚಿದ, ನಾನು ಅಪ್ಪನಿಗೆ. ಡಾಕ್ಟರು ಹೇಳಿದ ವಂಶದ ಪಾಲು ನಮ್ಮ ಮನೆಯಲ್ಲಿ ಬಾಳೆಲೆಯ ಮೇಲೇ ಕೂತಿತ್ತು.

ನನಗೆ ನಿಜವಾಗಿಯೂ ಭಯವಾಯಿತು. ಆ ಒಂದು ದಮ್ಮು ಎಳೆದರೆ ಮಧ್ಯಾಹ್ನದೊಳಗೆ ಬೀಡಿ ಅಂಗಡಿ ಮುಂದೆ ನಿಂತಿರುತ್ತೇನೆಂದು ಗೊತ್ತಿತ್ತು. ಹೆಂಡತಿ ಅಟ್ಟದಿಂದ ಊದುಗೊಳವೆ ತಂದಳು. ಊದಿದ ರಭಸಕ್ಕೆ ಬೀಡಿ ಹಾರಿ ಪಾಯಸಕ್ಕೆ ಬಿತ್ತು. ಇನ್ನೊಂದಕ್ಕೆ ಟೇಬಲ್ ಫ್ಯಾನ್ ಹಿಡಿದೆವು. ದೀಪ ಆರಿತು, ಅಪ್ಪನ ಫೋಟೋ ಮಕಾಡೆ ಮಲಗಿತು.

"ನಿಮ್ಮಪ್ಪಾರು ಸಿಟ್ಟಾಗ್ಯಾರ. ಕೊಡಲೇ ಇಲ್ಲಿ," ಎಂದಳು ಅವ್ವ.

ಬೀಡಿಯನ್ನು ಬೆರಳಲ್ಲಿ ಹೊರಳಿಸಿ, ತುಟಿಗಿಟ್ಟು, ಕಡ್ಡಿ ಗೀರಿ ಒಂದೇ ಎಳೆತಕ್ಕೆ ಹತ್ತಿಸಿದಳು. ಹೊಗೆ ಮೂಗಿನಿಂದ ಬಂತು, ಎರಡೂ ಹೊಳ್ಳೆಯಿಂದ. ನಾವು ಬಾಯಿ ಬಿಟ್ಟುಕೊಂಡು ನಿಂತೆವು.

"ಏನ್ ನೋಡ್ತೀಯಲೇ? ಯಶವಂತನಗರದಾಗ ನಿಮ್ಮಪ್ಪಾರು ಗಣಿ ಕೆಲಸದ ಫಸ್ಟ್ ಶಿಫ್ಟಿಗೆ ಬೂಟು ಹಾಕ್ಕೊಳ್ಳೋವಾಗ ಹಚ್ಚಿ ಕೊಡ್ತಿದ್ದಾಕಿ ಯಾರು? ನೀವೆಲ್ಲಾ ಮಲಗಿರ್ತಿದ್ರಿ."

"ಮೂಗಿನಾಗ ಹೊಗಿ ಬಿಡೋದು ಯಾರು ಕಲಿಸಿದ್ರು ಬೇ?"

"ನಮ್ಮವ್ವ. ಕಂಪ್ಲಿ ಗದ್ದ್ಯಾಗ ಭತ್ತ ನಾಟಿ ಮಾಡುವಾಗ."

ಅಷ್ಟು ಹೇಳಿ, ಸರಿಯಾಗಿ ಹತ್ತಿದೆಯೋ ಇಲ್ಲವೋ ನೋಡಲು ಇನ್ನೊಂದು ದಮ್ಮು ಎಳೆದಳು. ಪರೀಕ್ಷೆ ಮುಗಿಯುವಷ್ಟರಲ್ಲಿ ಬೀಡಿ ಅರ್ಧವಾಗಿತ್ತು. ಉಳಿದರ್ಧವನ್ನು ಎಡೆಯಲ್ಲಿಟ್ಟು ಕಣ್ಣೊರೆಸಿಕೊಂಡಳು. ಅವಳಿಗೆ ಅಪ್ಪನ ನೆನಪಾಗಿತ್ತು.

"ಇನ್ನ ಮ್ಯಾಲೆ ವರ್ಷಾ ವರ್ಷಾ ಇದು ನನ್ನ ಕೆಲಸ. ನೀ ಹತ್ರ ಬರಬ್ಯಾಡ. ನನಗೇನ್ ಈ ವಯಸ್ಸಿನಾಗ ಚಟ ಹತ್ತತೈತಿ?"

ನಾನು ಇವತ್ತಿಗೂ ಬೀಡಿ ಮುಟ್ಟಿಲ್ಲ. ಅವ್ವ ಮಾತ್ರ ಮೊನ್ನೆ, ಅಮಾವಾಸ್ಯೆ ಯಾವಾಗ ಎಂದು ಕೇಳಿದಳು. ಮಹಾಲಯಕ್ಕೆ ಇನ್ನೂ ಭಾಳ ದೂರ ಐತಿ ಎಂದೆ. ಅದೇ ಆಗಬೇಕೆಂದಿಲ್ಲ, ಯಾವ ಅಮಾವಾಸ್ಯೆಯಾದರೂ ನಡೆಯುತ್ತದಂತೆ.