ಮಾಸ್ತರರಿಗೆ ಭೂಮಿ ಸಿಕ್ಕಿದ್ದು

ಆ ಬೆಳಿಗ್ಗೆ ಎಂದಿನಂತೆ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದೆ. ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರರು ತಾಮ್ರದ ತಂತಿ ಹಿಡಿದು ಬಂದು ನಿಂತರು. ಹಾಸಿಗೆ ಹಿಡಿದ ತಾಯಿಗೆ ಧಾರವಾಡದ ಭಜನೆ ಕೇಳಿಸಲೆಂದು ಮರದ ಪೆಟ್ಟಿಗೆಯಲ್ಲಿ ತಾವೇ ರೇಡಿಯೋ ಕಟ್ಟಿದ್ದರು. ಅದು ಬರೀ ಗೊರಗುಡುತ್ತಿತ್ತು. ದನಿ ತಿಳಿಯಾಗಲು ಅದರ ತಂತಿಯ ತುದಿ ಹಸಿ ಮಣ್ಣಿನಲ್ಲಿರಬೇಕಂತೆ; ಅದಕ್ಕೆ ಇಂಗ್ಲಿಷಿನಲ್ಲಿ 'ಅರ್ಥ್', ಮಾಸ್ತರರ ಬಾಯಲ್ಲಿ 'ಭೂಮಿ'. ನಮ್ಮ ವಿಜಾಪುರದ ನೆಲವೋ ಒಣಕಲು. "ಭೂಮಿ ಸಿಗವಲ್ದ್ರಿ," ಎನ್ನುತ್ತ ತಿಂಗಳಿಂದ ಅಂಗಳವೆಲ್ಲ ಅಗೆದಿದ್ದರು.

"ವೈನೀ, ದಿನಾ ನೀರ ಬೀಳೂ ಮಣ್ಣ ಇದೊಂದ. ಇಲ್ಲಿ ಹುಗೀಲೇನ್ರಿ?"

"ಅತ್ತಿಯವರು ಏಳೂದ್ರಾಗ ಹುಗೀರಿ, ಮಾಸ್ತರ."

ಅವರು ಚಪ್ಪಲಿ ಬಿಟ್ಟು, ತುಳಸಿಗೆ ಕೈಮುಗಿದು, ತಂತಿ ಹುಗಿದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಭಜನೆ ತಿಳಿಯಾಗಿ ಕೇಳಿತು.

ಸಂಜೆ ಎದುರುಮನೆಯಾಕೆ ಹೂ ಕಟ್ಟುತ್ತ ಅಂದಳು: "ಮಾಸ್ತರ ಅವ್ವಾರು ಇವತ್ತ ಯಾರನ್ನೂ ಬೈದಿಲ್ಲ ನೋಡ್ರಿ. ಆರಾಮ ಅದಾರಿಲ್ರಿ?"