ಸಾರಿಗಾಗದ ಮೀನಿಗಾಗಿ ಹಗ್ಗ ಹಿಡಿದ ಕೊರಗಪ್ಪ

"ಹೈಲೇಸಾ" ಎಂದು ಕೊರಗಪ್ಪಣ್ಣ ಕೂಗುತ್ತಾರೆ, ಹಿಂದಿದ್ದವರು ಹಗ್ಗ ಜಗ್ಗುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇದು ಅವರ ಊರು ಹೆಜಮಾಡಿಯ ಕಡಲತೀರವಲ್ಲ, ದುಬೈಗೆ ಸೇರಿದ ಹತ್ತಾ ಬೆಟ್ಟಗಳ ನಡುವಿನ ವಾಡಿ, ಮಳೆ ಬಂದರೆ ಮಾತ್ರ ಹರಿಯುವ ಕಲ್ಲುಹಳ್ಳ. ಹಗ್ಗದ ತುದಿಯಲ್ಲಿರುವುದು ಜಾಲಿ ಮರದ ಬುಡ. ನಮ್ಮಲ್ಲಿ ಬಳ್ಳಾರಿ ಜಾಲಿ ಅಂತೀವಲ್ಲ, ಅದೇ ಮಹಾಶಯ. ಬೇರು ಲಟಕ್ಕನೆ ಸಡಿಲುವಾಗ ಇವರ ಕೆಲಸ ನೋಡಲು ಬಂದು ದಂಡೆಯಲ್ಲಿ ನಿಂತ ನನಗೇ ಮೈ ಜುಮ್ಮೆನ್ನುತ್ತದೆ.

ಎಲ್ಲಿಂದಲೋ ಬಂದು ಬೇರುಬಿಟ್ಟ ಈ ಮರ ವಾಡಿಯ ಒರತೆಯನ್ನೇ ಹೀರುತ್ತದೆ. ಅದರಿಂದ ಕೆಳಗಿನ ಆಳದ ಮಡು ಒಣಗಿತ್ತು. ಕಲ್ಲಿನ ಪಾಚಿ ನೆಕ್ಕಿ ಬದುಕುವ ಬೆರಳುದ್ದದ ಮೀನುಗಳು ಮೇಲಿನ ಸಣ್ಣ ಮಡುವಿನಲ್ಲಷ್ಟೇ ಉಳಿದಿವೆ. ಬೇಸಿಗೆಗೆ ಅದೂ ಬತ್ತುತ್ತದೆ, ಅಷ್ಟರೊಳಗೆ ಅವು ಕೆಳಗಿಳಿಯದಿದ್ದರೆ ಈ ವಾಡಿಯಲ್ಲಿ ಮೀನಿನ ಕಥೆ ಮುಗಿದಂತೆ.

ಐವತ್ತು ದಾಟಿದ ಕೊರಗಪ್ಪ ದಡದಲ್ಲೇ ನಿಂತು ಹಗ್ಗ ಹಿಡಿದು ಕೈರಂಪಣಿ ಬಲೆ ಎಳೆಯುವ ಮನೆಯವರು. ಇಲ್ಲಿನ ಕೈಗಾರಿಕಾ ಪ್ರದೇಶ ಮುಸಫ್ಫಾದ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ದುಡಿದರು, ಅದು ಮುಚ್ಚಿದ ಮೇಲೆ ಜಾಲಿ ಕೀಳುವ ಈ ಗುತ್ತಿಗೆ ಕೆಲಸ ಹಿಡಿದರು. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ರೂಮಿನಿಂದ ಕತ್ತಲಲ್ಲೇ ಪಿಕಪ್ ಹತ್ತುತ್ತಾರೆ. ದಿನಕ್ಕೆ ಹತ್ತು ಬುಡ ಎದ್ದರೆ ಅಂದು ಹಬ್ಬ.

"ಮೊದಲ ವರ್ಷ ನಾವು ಬೆಪ್ಪರಾದದ್ದು ಮಾರಾಯ್ರೆ. ಗರಗಸ ಹಾಕಿ ಕಡಿದು, ಖಲಾಸ್ ಅಂತ ಫೋಟೊ ತೆಗೆದೆವು. ಒಂದು ಮಳೆ ಬಂತು ನೋಡಿ, ಒಂದಿದ್ದಲ್ಲಿ ನಾಲ್ಕು ಚಿಗುರಿತು" ಎಂದು ಅವರು ನಗುತ್ತಾರೆ. ಬುಡಸಮೇತ ಕೀಳಬೇಕು, ಆದರೆ ಜೆಸಿಬಿ ಇಳಿಸಿದರೆ ಮಡುವೇ ಹಾಳು. ಆಗ ನೆನಪಾದದ್ದು ಊರಿನ ಬಲೆ ಎಳೆಯುವ ಹಗ್ಗ. ಈಗ ನೇಪಾಳದವರೂ ಪೇಶಾವರದವರೂ ಒಂದೇ ಉಸಿರಿನಲ್ಲಿ ಹೈಲೇಸಾ ಅನ್ನುತ್ತಾರೆ. ಜಾಲಿಯ ಮುಳ್ಳು ಬೂಟಿನ ಅಟ್ಟೆಯನ್ನೂ ತೂರಿ ಬರುತ್ತದೆ.

ಊರಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಹೆಂಡತಿ ವಾರಿಜಾಕ್ಷಿಗೆ ಇದೆಲ್ಲ ತಮಾಷೆ. "ಸಾರಿಗೂ ಆಗದ ಮೀನಿಗೆ ಇಷ್ಟು ಮುಳ್ಳು ಚುಚ್ಚಿಸಿಕೊಳ್ಳುವುದಾ ಅಂತ ಕೇಳ್ತಾಳೆ. ಅವಳು ಹೇಳುವುದು ಸುಳ್ಳಲ್ಲ. ಆದ್ರೆ ಇಷ್ಟು ವರ್ಷ ಎಳೆದೆಳೆದು ತಿಂದದ್ದಲ್ವಾ, ಒಮ್ಮೆ ನೀರಿಗೆ ಬಿಡುವುದೂ ಬೇಡವಾ?"

ಕಳೆದ ವಾರದ ಮಳೆಗೆ ಕೆಳಮಡುವಿನಲ್ಲಿ ನೀರು ನಿಂತಿದೆ. ಎರಡು ಮಡುಗಳ ನಡುವಿನ ಕಿಂಡಿಗೆ ಅಡ್ಡ ಕೂತದ್ದು ಇದೇ ಬುಡ. ಮತ್ತೊಂದು ಹೈಲೇಸಾಕ್ಕೆ ಅದು ಮಗುಚುತ್ತದೆ, ಮೇಲಿನ ನೀರು ಕೆಳಗೆ ನುಗ್ಗುತ್ತದೆ. ಕೆಸರು ತಿಳಿಯಾಗಲೆಂದು ಎಲ್ಲರೂ ಚಹಾ ಹಿಡಿದು ಕೂರುತ್ತೇವೆ. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ.

"ಕೊರಗಪ್ಪಣ್ಣ, ಸ್ವಲ್ಪ ಇಲ್ಲಿ ಬನ್ನಿ" ಎಂದು ಪಿಕಪ್ ಓಡಿಸುವ ಉಳ್ಳಾಲದ ಸಫ್ವಾನ್ ಮೆಲ್ಲಗೆ ಕರೆಯುತ್ತಾನೆ. ಕೆಳಮಡುವಿನ ಕಲ್ಲಿಗೆ ಮೂತಿಯಿಟ್ಟು ಒಂದು ಮೀನು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಹಿಂಡೇ ಇಳಿಯುತ್ತದೆ. ಕೊರಗಪ್ಪ ಅಂಗಿಗೆ ಕೈ ಒರೆಸಿಕೊಂಡು ಫೋನ್ ತೆಗೆಯುತ್ತಾರೆ.

ವಾಡಿಯಲ್ಲಿ ನೆಟ್‌ವರ್ಕ್ ಮಾಫಿ, ಅಂದರೆ ಇಲ್ಲವೇ ಇಲ್ಲ. ರಸ್ತೆಗೆ ಹತ್ತಿಹೋಗಿ ವಿಡಿಯೊ ಕಳಿಸುತ್ತಾರೆ. ತುಸು ಹೊತ್ತಿಗೆ ವಾರಿಜಾಕ್ಷಿಯ ವಾಯ್ಸ್ ಮೆಸೇಜ್ ಬರುತ್ತದೆ. ಅದನ್ನು ನಮಗೆಲ್ಲ ಕೇಳುವ ಹಾಗೆ ಹಾಕುತ್ತಾರೆ, ಮುಖದಲ್ಲಿ ಹೆಮ್ಮೆ ಎದ್ದು ಕಾಣುತ್ತದೆ.

"ನೋಡಿದೆ. ಸಣ್ಣದೇ. ಅಲ್ಲಿ ಯಾರೂ ಬಲೆ ಹಾಕದ ಹಾಗೆ ನೋಡಿಕೊಳ್ಳಿ ಮತ್ತೆ."