ಆರ್ವಿಲ್ ಒತ್ತುವ ಬಾಣ

ಡುಲುತ್ ಊರಿನ ಆರ್ವಿಲ್ ಸ್ಟೆನ್ಸನ್‌ಗೆ ಸ್ವಂತ ಅಭಿಪ್ರಾಯ ಇಲ್ಲವೆಂದಲ್ಲ. ಅದು ಹುಟ್ಟುವುದು ಮಾತ್ರ ಉಳಿದವರದ್ದೆಲ್ಲ ಹುಟ್ಟಿದ ಮೇಲೆ. ಬೀಡುಕಬ್ಬಿಣದ ಬಾಣಲೆ ಪ್ರಿಯರ ಆನ್‌ಲೈನ್ ಬಳಗದಲ್ಲಿ ಮಾತು ಮೆಚ್ಚಿದವರು ಮೇಲ್ಬಾಣ ಒತ್ತುತ್ತಾರೆ, ಮೆಚ್ಚದವರು ಕೆಳಬಾಣ. ಆರ್ವಿಲ್ ಮೊದಲು ಅಂಕಿ ನೋಡುತ್ತಾನೆ. ಮೇಲ್ಬಾಣ ಹೆಚ್ಚಿದ್ದರೆ "ಭೇಷ್, ನಾನೂ ಇದನ್ನೇ ಹೇಳೋನಿದ್ದೆ" ಎಂದು ಇನ್ನೊಂದು ಸೇರಿಸುತ್ತಾನೆ. ಕೆಳಬಾಣ ಹೆಚ್ಚಿದ್ದರೆ ಓದುವ ಗೋಜಿಗೇ ಹೋಗದೆ ಕೆಳಗೆ ಒತ್ತುತ್ತಾನೆ. ಮನೆಗೆ ಬೆಂಕಿ ಬಿದ್ದರೂ ನಾಲ್ಕು ಜನ ಹೌದೆನ್ನುವವರೆಗೆ ಕುರ್ಚಿ ಬಿಟ್ಟೇಳುವ ಆಸಾಮಿಯಲ್ಲ. ಬಾಣಲೆಗೆ ಸೋಪು ತಾಗಿದರೆ ಎಣ್ಣೆಯ ಪದರ ಹೋಗಿ ಅದು ಕೆಟ್ಟಿತೆಂದು ಬಳಗದವರು ಬರೆದದ್ದನ್ನು ಮೊನ್ನೆ ಅವನು ಭಕ್ತಿಯಿಂದ ಓದಿ ಹೇಳಿದಾಗ ಹೆಂಡತಿ ಮಾರ್ಲಿಸ್ ನಕ್ಕುಬಿಟ್ಟಳು: "ಅಯ್ಯೋ ಮಾರಾಯ, ಮದುವೆಯಾದಾಗಿಂದ ಸೋಪಲ್ಲೇ ತೊಳೀತಿದೀನಿ. ನಿನ್ನ ಮೊಟ್ಟೆ ಒಂದಿನಾನಾದ್ರೂ ತಳ ಹಿಡಿದಿದ್ಯಾ?" ಹಿಡಿದಿರಲಿಲ್ಲ. ಆರ್ವಿಲ್ ಜೀವಮಾನದಲ್ಲೇ ಮೊದಲ ಸಲ ಕಣ್ಣಾರೆ ಕಂಡದ್ದನ್ನು ಬರೆದ: 'ನನ್ನ ಹೆಂಡತಿ ಸೋಪಿನಲ್ಲೇ ತೊಳೆಯುತ್ತಾಳೆ. ಬಾಣಲೆ ಕನ್ನಡಿಯಂತಿದೆ.' ಮಾರ್ಲಿಸ್‌ಗೆ ಒಳಗೊಳಗೇ ಹಿಗ್ಗು. "ಏನಂತಾರೋ ನಿನ್ನ ಜನ?" ಎಂದು ಅವಳು ಕೈಯೊರೆಸಿಕೊಂಡು ಪಕ್ಕಕ್ಕೆ ಬಂದು ಕೂರುವಷ್ಟರಲ್ಲಿ ಕೆಳಬಾಣಗಳ ಸುರಿಮಳೆಯಾಗಿತ್ತು. ಆರ್ವಿಲ್ ಅಂಕಿ ನೋಡಿದ. ಅವಳ ಕಣ್ಣೆದುರೇ ಅವನ ಬೆರಳು ತನ್ನದೇ ಮಾತಿಗೆ ಇನ್ನೊಂದು ಕೆಳಬಾಣ ಒತ್ತಿತು.